ಗೋಧಿ ಒಗ್ಗದವರ ಆಹಾರವೂ ಧಾನ್ಯಶುದ್ಧಿಯೂ

ಒಬ್ಬನಿಗೆ ಪುಷ್ಟಿಯನ್ನು ಕೊಡುವ ಧಾನ್ಯವೇ ಮತ್ತೊಬ್ಬನ ಶರೀರಕ್ಕೆ ಹಾನಿಯನ್ನುಂಟುಮಾಡುವುದೂ ಉಂಟೆಂಬ ವಿಷಯವು ಗ್ರಾಮಾಂತರಗಳಲ್ಲಿ ಸಾಕಷ್ಟು ಪ್ರಚಾರಕ್ಕೆ ಬಂದಿಲ್ಲ. ಕಣಜದ ತುಂಬ ಕಾಳೂ ಕೊಟ್ಟಿಗೆಯ ತುಂಬ ಕರಾವೂ ಇರುವ ಅನುಕೂಲಸ್ಥರ ಮನೆಯಲ್ಲಿಯೂ ಮಗುವೊಂದು ಕೈಕಾಲುಗಳು ಸಣ್ಣಗಾಗಿ, ಹೊಟ್ಟೆ ಮಾತ್ರ ಉಬ್ಬಿ, ಪದೇ ಪದೇ ಭೇದಿಯಾಗುತ್ತ, ವಯಸ್ಸಿಗೆ ತಕ್ಕ ಬೆಳವಣಿಗೆಯಿಲ್ಲದೆ ಕೃಶವಾಗುವುದುಂಟು. ಇದನ್ನು ಕೆಲವರು ದೃಷ್ಟಿದೋಷವೆನ್ನುವರು. ಕೆಲವರು ತಾಯಿಯ ಅಜಾಗ್ರತೆಯೆನ್ನುವರು. ಬಲ ಬರಲೆಂದು ಗೋಧಿಯ ಗಂಜಿಯನ್ನೂ ಚಪಾತಿಯನ್ನೂ ಮತ್ತಷ್ಟು ಉಣಿಸುವರು. ಇಂತಹ ಮಕ್ಕಳಲ್ಲಿ ಕೆಲವರಿಗೆ ಆ ಗೋಧಿಯೇ ರೋಗಕಾರಣವಾಗಿರುತ್ತದೆ. ಈ ರೋಗಕ್ಕೆ ಸೀಲಿಯಾಕ್ ರೋಗವೆಂದು ಹೆಸರು.

ಗೋಧಿಯಲ್ಲಿರುವ ಅಂಟು

ಗೋಧಿಯ ಹಿಟ್ಟನ್ನು ಚೆನ್ನಾಗಿ ನಾದಿ, ಆ ಕಣಕವನ್ನು ನೀರಿನಲ್ಲಿ ಹಿಸುಕುತ್ತ ತೊಳೆದರೆ, ಬಿಳಿಯ ಪಿಷ್ಟವು ನೀರಿನೊಡನೆ ಹೊರಟುಹೋಗಿ, ಎಳೆದರೆ ಹಿಗ್ಗುವ ಜಿಗುಟಾದ ಪದಾರ್ಥವೊಂದು ಕೈಯಲ್ಲಿ ಉಳಿಯುವುದು. ಇದೇ ಗ್ಲೂಟೆನ್. ಇದನ್ನು ಹೀಗೆ ಬೇರ್ಪಡಿಸಿದ ಕ್ರಮವನ್ನು ಇಟಲಿ ದೇಶದ ಬೆಕ್ಕಾರಿ ಎಂಬ ವಿದ್ವಾಂಸನ ಬರಹವು 1745ರಲ್ಲಿ ಲೋಕಕ್ಕೆ ತಿಳಿಸಿತು. ಚಪಾತಿಯು ಹರಿಯದೆ ಅಗಲವಾಗುವುದೂ ಹೋಳಿಗೆಯ ಕಣಕವು ತೆಳ್ಳಗೆ ಹಿಗ್ಗುವುದೂ ಈ ಅಂಟಿನ ಗುಣದಿಂದಲೇ. ರಾಗಿಯ ಹಿಟ್ಟನ್ನಾಗಲಿ ಜೋಳದ ಹಿಟ್ಟನ್ನಾಗಲಿ ಇದೇ ರೀತಿ ತೊಳೆದರೆ ಇಂತಹ ಪದಾರ್ಥವು ದೊರೆಯುವುದಿಲ್ಲ.

ಸೀಲಿಯಾಕ್ ರೋಗಿಯು ಗ್ಲೂಟೆನ್ ಇರುವ ಆಹಾರವನ್ನು ತಿಂದಾಗ, ಶರೀರದ ರಕ್ಷಣಾಶಕ್ತಿಯು ದಾರಿ ತಪ್ಪಿ ಸಣ್ಣಕರುಳಿನ ಒಳಪದರವನ್ನೇ ಕೆಡಿಸುವುದು. ಆ ಪದರದಲ್ಲಿ ಮಖಮಲ್ಲಿನ ನವಿರಿನಂತೆ ಎದ್ದಿರುವ ಸೂಕ್ಷ್ಮವಾದ ಎಳೆಗಳು ಆಹಾರಸಾರವನ್ನು ಹೀರತಕ್ಕವು. ಇವು ಸವೆದು ಚಪ್ಪಟೆಯಾದರೆ, ಗಿಡದ ಬೇರು ಕೊಳೆತಾಗ ಗೊಬ್ಬರ ಹಾಕಿ ಫಲವಿಲ್ಲದಿರುವಂತೆ, ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆಯೂ ಸುಣ್ಣದ ಅಂಶದ ಕೊರತೆಯಿಂದ ಮೂಳೆಗಳ ದೌರ್ಬಲ್ಯವೂ ಉಂಟಾಗುವುವು. ದೊಡ್ಡವರಲ್ಲಿ ಕೆಲವರಿಗೆ ಭೇದಿಯೇ ಇಲ್ಲದೆ, ಔಷಧಕ್ಕೆ ಜಗ್ಗದ ರಕ್ತಹೀನತೆಯೊಂದೇ ಲಕ್ಷಣವಾಗಿರಬಹುದು.

ಕಾರಣವು ಗೊತ್ತಾದ ಬಗೆ

ಲಂಡನ್ ನಗರದ ವೈದ್ಯ ಸ್ಯಾಮ್ಯುಯೆಲ್ ಗೀ ಎಂಬಾತನು 1888ರಲ್ಲಿ ಈ ರೋಗವನ್ನು ಸ್ಪಷ್ಟವಾಗಿ ವರ್ಣಿಸಿ, ಇದು ಗುಣವಾಗುವುದಾದರೆ ಪಥ್ಯದಿಂದಲೇ ಆಗಬೇಕೆಂದು ಅಭಿಪ್ರಾಯಪಟ್ಟನು. ಆದರೆ ಯಾವ ಆಹಾರವನ್ನು ಬಿಡಬೇಕೆಂಬುದು ಆಗ ತಿಳಿದಿರಲಿಲ್ಲ. ಹಾಲೆಂಡ್ ದೇಶದ ಮಕ್ಕಳ ವೈದ್ಯ ವಿಲೆಮ್ ಡಿಕ್ಕೆ ಎಂಬಾತನಿಗೆ ಗೋಧಿಯ ಮೇಲೆ ಮೊದಲೇ ಸಂಶಯವಿತ್ತು. 1944-45ರ ಚಳಿಗಾಲದಲ್ಲಿ ಯುದ್ಧದ ದೆಸೆಯಿಂದ ಆ ದೇಶಕ್ಕೆ ಘೋರವಾದ ಕ್ಷಾಮವು ಬಂದು ಗೋಧಿಯ ರೊಟ್ಟಿಯು ದುರ್ಲಭವಾಯಿತು. ಆ ಕಾಲದ ಅನುಭವದಿಂದ ಆತನ ಸಂಶಯವು ಬಲವಾಯಿತು. ಪಥ್ಯವನ್ನು ಬದಲಿಸಿ ಮಕ್ಕಳನ್ನು ಪರೀಕ್ಷಿಸಿದ ಫಲವನ್ನು ಆತನು 1950ರ ಪ್ರಬಂಧದಲ್ಲಿ ಪ್ರಕಟಿಸಿದನು. ದೋಷವು ಗೋಧಿಯ ಪಿಷ್ಟದಲ್ಲಿಲ್ಲ, ಅಂಟಿನಲ್ಲಿದೆಯೆಂಬುದು ಅನಂತರ ಸಿದ್ಧವಾಯಿತು.

ಭರತಖಂಡದಲ್ಲಿ ಗೋಧಿಯೇ ಮುಖ್ಯಾಹಾರವಾದ ಉತ್ತರ ಭಾಗದಲ್ಲಿ ಈ ರೋಗವು ಹೆಚ್ಚು. 2016ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಉತ್ತರದ ವಯಸ್ಕರಲ್ಲಿ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚಾಗಿಯೂ ದಕ್ಷಿಣದಲ್ಲಿ ಸಾವಿರಕ್ಕೆ ಸುಮಾರು ಒಬ್ಬರಂತೆಯೂ ಇದು ಕಂಡುಬಂದಿತು. ದಕ್ಷಿಣದವರು ಗೋಧಿಯನ್ನು ಕಡಮೆ ತಿನ್ನುವುದೂ ಇದಕ್ಕೊಂದು ಕಾರಣವೆಂದು ತಜ್ಞರು ಎಣಿಸಿರುವರು. ರವೆ, ಬಿಸ್ಕತ್ತು, ಚಪಾತಿಗಳು ಈಗ ಹಳ್ಳಿಹಳ್ಳಿಗೂ ಬಂದಿರುವುದರಿಂದ ನಮ್ಮವರೂ ಇದನ್ನು ಅರಿತಿರುವುದು ಲೇಸು.

ಪರೀಕ್ಷೆಯ ವಿಷಯದಲ್ಲಿ ಎಚ್ಚರಿಕೆ

ಸಂಶಯ ಬಂದೊಡನೆ ಮನೆಯವರೇ ಗೋಧಿಯನ್ನು ನಿಲ್ಲಿಸಿಬಿಡಬಾರದು. ಮೊದಲು ರಕ್ತವನ್ನೂ ಅನಂತರ ಅವಶ್ಯವಿದ್ದರೆ ಕರುಳಿನ ಚೂರನ್ನೂ ವೈದ್ಯರು ಪರೀಕ್ಷಿಸುವರು. ಗೋಧಿಯನ್ನು ಬಿಟ್ಟ ಮೇಲೆ ಮಾಡಿದ ಪರೀಕ್ಷೆಯಲ್ಲಿ ರೋಗವು ಮರೆಯಾಗಿ ತೋರಬಹುದು. ರೋಗಿಯ ಒಡಹುಟ್ಟಿದವರನ್ನೂ ತಂದೆತಾಯಿಗಳನ್ನೂ ಪರೀಕ್ಷಿಸುವುದು ಯುಕ್ತ.

ಗೋಧಿಯ ಅಲರ್ಜಿಯೆಂಬುದು ಬೇರೆಯೇ ಆದ ವ್ಯಾಧಿ. ಇದರಲ್ಲಿ ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಗಳೊಳಗೆ ಮೈಮೇಲೆ ದದ್ದು, ತುಟಿಯ ಬಾವು, ವಾಂತಿ, ಉಬ್ಬಸಗಳು ಕಾಣುವುವು. ಕಡಲೆಕಾಯಿಯಿಂದಲೂ ಕೆಲವರಿಗೆ ಹೀಗಾಗುವುದುಂಟು. ಉಸಿರು ಕಟ್ಟಿದರೆ ಅಥವಾ ಪ್ರಜ್ಞೆ ತಪ್ಪುವಂತಾದರೆ ಪ್ರಾಣಾಪಾಯವೆಂದೇ ತಿಳಿದು ಕೂಡಲೇ ಆಸ್ಪತ್ರೆಗೆ ಸಾಗಿಸತಕ್ಕದ್ದು. ಅಲ್ಲಿ ಅಡ್ರಿನಲಿನ್ ಔಷಧವನ್ನು ತೊಡೆಗೆ ಚುಚ್ಚುವುದೇ ಮುಖ್ಯ ಚಿಕಿತ್ಸೆ. ಮನೆಮದ್ದಿನಲ್ಲಿ ಹೊತ್ತು ಕಳೆಯಬಾರದು.

ಉಣತಕ್ಕುದೂ ಬಿಡತಕ್ಕುದೂ

ಸೀಲಿಯಾಕ್ ರೋಗಕ್ಕೆ ಜೀವಾವಧಿ ಪಥ್ಯವೇ ಚಿಕಿತ್ಸೆ. ಗೋಧಿ, ಮೈದಾ, ಗೋಧಿಯ ರವೆ, ಗೋಧಿಯ ಶ್ಯಾವಿಗೆ, ಬಾರ್ಲಿ ಇವೆಲ್ಲ ವರ್ಜ್ಯ. ಉತ್ತರ ಕರ್ನಾಟಕದಲ್ಲಿ ಜವೆಗೋಧಿಯೆಂದೂ ಸದಕವೆಂದೂ ಕರೆಯುವ ತಳಿಯು ಪುರಾತನವಾದುದರಿಂದ ನಿರಪಾಯವೆಂಬ ಭಾವನೆಯು ತಪ್ಪು. ಅದರಲ್ಲಿಯೂ ಗ್ಲೂಟೆನ್ ಉಂಟು. ಅಂಗಡಿಯ ಇಂಗಿಗೆ ಅನೇಕ ವೇಳೆ ಮೈದಾ ಬೆರೆತಿರುವುದರಿಂದ, ಸಾರಿನ ಒಗ್ಗರಣೆಯಲ್ಲಿಯೂ ಜಾಗರೂಕತೆ ಬೇಕು.

ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಹಾರಕ, ಊದಲು, ಮುಸುಕಿನ ಜೋಳ, ಬೇಳೆಕಾಳುಗಳು, ಹಾಲು, ಮೊಟ್ಟೆ, ತರಕಾರಿ ಇವುಗಳಲ್ಲಿ ಗ್ಲೂಟೆನ್ ಇಲ್ಲ. ಮುದ್ದೆ, ಜೋಳದ ರೊಟ್ಟಿ, ಅಕ್ಕಿಯ ಇಡ್ಲಿ ಇವನ್ನು ಉಣ್ಣುವ ನಾಡಿನಲ್ಲಿ ಈ ಪಥ್ಯವು ಕಷ್ಟವಲ್ಲ. ಕ್ರಮವಾಗಿ ನಡೆಸಿದರೆ ಕರುಳು ಮೆಲ್ಲಮೆಲ್ಲನೆ ಸುಧಾರಿಸಿ ಮಗುವು ಬೆಳೆಯತೊಡಗುವುದು.

ಹೊಲ, ಕಣ, ಗಿರಣಿಗಳಲ್ಲಿ ಶುದ್ಧಿ

ಜಮೀನುದಾರರ ಹೊಣೆಯು ಇಲ್ಲಿಯೇ ಇರುವುದು. ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಮಿಗೆ ಮೀರದಂತೆ ಗ್ಲೂಟೆನ್ ಇದ್ದರೆ ಮಾತ್ರ ಅದನ್ನು ಗ್ಲೂಟೆನ್‌ರಹಿತವೆನ್ನಬಹುದೆಂಬುದು ಈಗಿನ ನಿಯಮ. ಗೋಧಿಯ ಒಂದು ಕಾಳು ಸುಮಾರು 40 ಮಿಲಿಗ್ರಾಂ ತೂಗುವುದು. ಅದರಲ್ಲಿ ಹತ್ತರಲ್ಲೊಂದು ಪಾಲು ಗ್ಲೂಟೆನ್ ಎಂದಿಟ್ಟುಕೊಂಡರೆ, ಒಂದು ಕಿಲೋ ರಾಗಿಯಲ್ಲಿ ಐದೇ ಕಾಳು ಗೋಧಿ ಸೇರಿದರೂ ಮಿತಿಯನ್ನು ಮುಟ್ಟಿದಂತಾಯಿತು. ಆದುದರಿಂದ ಈ ಕ್ರಮಗಳನ್ನು ಅನುಸರಿಸತಕ್ಕದ್ದು:

1. ಗೋಧಿ ಒಕ್ಕಿದ ಕಣವನ್ನೂ ಯಂತ್ರವನ್ನೂ ಚೆನ್ನಾಗಿ ಶುದ್ಧಿಮಾಡಿದ ಮೇಲೆಯೇ ಜೋಳವನ್ನೋ ರಾಗಿಯನ್ನೋ ಒಕ್ಕುವುದು.

2. ಮನೆಯ ರೋಗಿಗೆಂದು ಇಡುವ ಕಾಳಿಗೆ ಗೋಧಿಯನ್ನು ತುಂಬದ ಹೊಸ ಚೀಲವನ್ನೇ ಉಪಯೋಗಿಸುವುದು.

3. ರಾಗಿಯಲ್ಲಿ ಬೆರೆತ ಇಡಿಯ ಗೋಧಿಕಾಳು ಜರಡಿಯಲ್ಲಿ ನಿಲ್ಲುವುದು; ಜೋಳದಲ್ಲಿ ಬೆರೆತುದನ್ನು ಕೈಯಿಂದ ಆರಿಸಬೇಕು. ಅನಂತರ ಕಾಳನ್ನು ತೊಳೆದು ಒಣಗಿಸಿದರೆ ಧೂಳೂ ಹೋಗುವುದು.

4. ಊರಿನ ಗಿರಣಿಯಲ್ಲಿ ಹಿಂದಿನವರ ಗೋಧಿಹಿಟ್ಟು ಕಲ್ಲಿನ ಸಂದಿಯಲ್ಲಿ ಉಳಿದಿರುತ್ತದೆ. ಮನೆಯ ಬೀಸುಕಲ್ಲೊಂದನ್ನು ತೊಳೆದು ರಾಗಿಜೋಳಗಳಿಗೇ ಮೀಸಲಿಡುವುದು ಎಲ್ಲಕ್ಕಿಂತ ಉತ್ತಮ.

5. ಅಡಿಗೆಯಲ್ಲಿ ಲಟ್ಟಣಿಗೆ, ಹೆಂಚು, ಜರಡಿಗಳನ್ನು ಪ್ರತ್ಯೇಕವಾಗಿಡುವುದು.

ಗ್ರಾಮದ ಮುಖಂಡರಿಗೆ ಸೂಚನೆ

ಮದುವೆ ಜಾತ್ರೆಗಳಲ್ಲಿ ಒತ್ತಾಯಮಾಡಿ ಬಡಿಸುವುದು ನಮ್ಮಲ್ಲಿ ಆದರದ ಗುರುತು. ಆದರೆ ಈ ರೋಗವಿರುವ ಮಗುವಿಗೆ ಒಂದು ಹೋಳಿಗೆಯಿಂದ ಏನೂ ಆಗದೆಂದು ಬಡಿಸಿದರೆ ಆದರವೇ ಅಪಕಾರವಾಗುವುದು. ಪ್ರಸಾದದ ಸಜ್ಜಿಗೆಯ ಬದಲು ಬಾಳೆಯ ಹಣ್ಣನ್ನು ಕೊಟ್ಟರೆ ಭಕ್ತಿಗೆ ಕೊರತೆಯಾಗುವುದಿಲ್ಲ. ಶಾಲೆಯ ಊಟದಲ್ಲಿಯೂ ಇಂತಹ ಮಗುವಿಗೆ ತಕ್ಕ ಏರ್ಪಾಡಾಗುವಂತೆ ಹಿರಿಯರು ನೋಡಿಕೊಳ್ಳಬೇಕು. ರೋಗವಿರುವುದು ಹೆಣ್ಣುಮಗುವಿಗಾದರೆ ಮುಂದೆ ಸಂಬಂಧಕ್ಕೆ ಅಡ್ಡಿಯಾದೀತೆಂದು ಮರೆಮಾಚುವುದೂ ತರವಲ್ಲ. ಪಥ್ಯ ನಡೆಸುವವಳು ಎಲ್ಲರಂತೆ ದುಡಿದು ಬಾಳಬಲ್ಲಳು.

ಗೋಧಿಯನ್ನು ಬೆಳೆಯುವವರು ಇದರಿಂದ ಗಾಬರಿಗೊಳ್ಳಬೇಕಾದುದಿಲ್ಲ. ಬಹುಜನರಿಗೆ ಗೋಧಿಯು ಉತ್ತಮವಾದ ಆಹಾರವೇ ಆಗಿದೆ. ಕಾರಣವಿಲ್ಲದೆ ಅದನ್ನು ತೊರೆಯುವುದರಿಂದ ಲಾಭವಿಲ್ಲ. ಒಗ್ಗದ ಕೆಲವರನ್ನು ಗುರುತಿಸಿ, ಅವರ ಪಾಲಿನ ಕಾಳನ್ನು ಶುದ್ಧವಾಗಿಟ್ಟರೆ, ಊರಿನ ಕಣಜವು ಊರಿನ ಎಲ್ಲ ಮಕ್ಕಳನ್ನೂ ಸಾಕಬಲ್ಲದು.