ಆ್ಯಪ್ ತೋರಿಸುವ ಓಟ, ಗ್ರೌಂಡ್ ಒಪ್ಪುವ ಓಟ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಚಳ್ಳಕೆರೆ, ಮೊಳಕಾಲ್ಮುರು ಕಡೆಯವು. ಒಬ್ಬರು ಪೊಲೀಸ್ ಫಿಸಿಕಲ್‌ಗೆ ಓಡುತ್ತಿದ್ದಾರೆ, ಒಬ್ಬರು ಸಕ್ಕರೆ ಕಾಯಿಲೆಗೆ ನಡೆಯುತ್ತಿದ್ದಾರೆ, ಒಬ್ಬ ತಾಯಿ ಮಗಳ ಚಿಂತೆ ಬರೆದಿದ್ದಾರೆ. ಹೆಚ್ಚಿನವರು ಕೇಳಿರುವುದು ಫೋನಿನ ಆ್ಯಪ್ ಬಗ್ಗೆಯೇ.

ಸರ್, ನಾನು ಕಾನ್‌ಸ್ಟೆಬಲ್ ಹುದ್ದೆಗೆ ತಯಾರಿ ನಡೆಸಿದ್ದೇನೆ. ಫೋನ್ ಜೇಬಿನಲ್ಲಿಟ್ಟುಕೊಂಡು ಓಡಿದರೆ 1600 ಮೀಟರ್‌ಗೆ ಆ್ಯಪ್ 6 ನಿಮಿಷ 25 ಸೆಕೆಂಡ್ ತೋರಿಸುತ್ತದೆ. ಅದೇ ಗ್ರೌಂಡಿನಲ್ಲಿ ಗೆಳೆಯ ಸ್ಟಾಪ್‌ವಾಚ್ ಹಿಡಿದು ಎಂಟು ರೌಂಡ್ ಎಣಿಸಿದರೆ 6 ನಿಮಿಷ 40 ಸೆಕೆಂಡ್ ದಾಟುತ್ತದೆ. ಯಾವುದನ್ನು ನಂಬಲಿ? ಸರಿಯಾಗಿ ಅಳೆಯುವ ಆ್ಯಪ್ ಯಾವುದು?
— ಚಳ್ಳಕೆರೆಯ ಓದುಗ

ಗೆಳೆಯನ ಸ್ಟಾಪ್‌ವಾಚನ್ನೇ ನಂಬಿ. ಪರೀಕ್ಷೆಯ ದಿನ ಸುಣ್ಣದ ಗೆರೆ ಮತ್ತು ಗಡಿಯಾರ ಎರಡೇ ಲೆಕ್ಕಕ್ಕೆ ಬರುತ್ತವೆ.

ನೀವು ಓಡುವಾಗ ಫೋನ್ ಉಪಗ್ರಹಗಳ ಸಂಕೇತ ಹಿಡಿದು ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ‘ನಾನು ಎಲ್ಲಿದ್ದೇನೆ’ ಎಂದು ಲೆಕ್ಕ ಹಾಕಿ ಒಂದು ಚುಕ್ಕೆ ಇಡುತ್ತದೆ. ಆ ಚುಕ್ಕೆಗಳನ್ನು ಗೆರೆಯಿಂದ ಜೋಡಿಸಿ ಆ್ಯಪ್ ದೂರ ಹೇಳುತ್ತದೆ. ಬಯಲಿನಲ್ಲಿ ಕೂಡ ಒಂದೊಂದು ಚುಕ್ಕೆ ನಾಲ್ಕೈದು ಮೀಟರ್ ಆಚೀಚೆ ಬೀಳುವುದು ಮಾಮೂಲು. ನೀವು ನೇರವಾಗಿ ಓಡಿದರೂ ಫೋನಿನೊಳಗಿನ ಗೆರೆ ಸೊಟ್ಟಸೊಟ್ಟಗೆ ಹೋಗುತ್ತದೆ, ಸೊಟ್ಟ ಗೆರೆ ಯಾವತ್ತೂ ನೇರ ಗೆರೆಗಿಂತ ಉದ್ದ. ಹಾಗಾಗಿ ನೀವು 1600 ಮೀಟರ್ ಮುಗಿಸುವ ಮೊದಲೇ ‘ಆಯಿತು’ ಎಂದು ಆ್ಯಪ್ ಹೇಳಿಬಿಡುತ್ತದೆ. ಇದರ ಬೆಲೆ ಎಷ್ಟು ನೋಡಿ: ನೂರಕ್ಕೆ ಎರಡರಷ್ಟು ತಪ್ಪಿದರೆ 32 ಮೀಟರ್. ನಿಮ್ಮ ವೇಗಕ್ಕೆ ಅದು ಸುಮಾರು 8 ಸೆಕೆಂಡ್. ಆ್ಯಪ್‌ನಲ್ಲಿ 6.25ಕ್ಕೆ ಪಾಸಾದವರು ಗ್ರೌಂಡಿನಲ್ಲಿ 6.33ಕ್ಕೆ ಮುಗಿಸುತ್ತಾರೆ. ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಯ ಪುರುಷರಿಗೆ ಕೊಡುವ ಸಮಯ 6 ನಿಮಿಷ 30 ಸೆಕೆಂಡ್. ವರ್ಷಗಟ್ಟಲೆ ಬೆವರು ಸುರಿಸಿದ ಹುಡುಗರು ಮೂರು ಸೆಕೆಂಡಿಗೆ ಮನೆಗೆ ಹೋಗಬಾರದು ಎಂದೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ನಿಮ್ಮ ಎರಡು ಅಳತೆಗಳ ನಡುವಿನ ಉಳಿದ ಸೆಕೆಂಡುಗಳು ಎಲ್ಲಿ ಹೋದವು? ನೀವು ಒಳಗೆರೆಗೆ ಅಂಟಿಕೊಂಡು ಓಡುತ್ತಿಲ್ಲ ಎನಿಸುತ್ತದೆ. ಗೆರೆಯಿಂದ ಒಂದು ಮೀಟರ್ ಹೊರಗೆ ಸರಿದರೆ ಪ್ರತಿ ರೌಂಡಿಗೆ 6.28 ಮೀಟರ್ ಹೆಚ್ಚುತ್ತದೆ. ಗ್ರೌಂಡ್ ದೊಡ್ಡದಿರಲಿ, ಚಿಕ್ಕದಿರಲಿ, ಈ ಲೆಕ್ಕ ಬದಲಾಗುವುದಿಲ್ಲ. 200 ಮೀಟರ್ ಗ್ರೌಂಡಿನಲ್ಲಿ ಎಂಟು ರೌಂಡ್ ಎಂದರೆ 50 ಮೀಟರ್, ಅಂದರೆ 12 ಸೆಕೆಂಡ್ ಪುಕ್ಕಟೆ ಕಳೆದ ಹಾಗೆ. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕೇ ರೌಂಡ್, ನಷ್ಟವೂ ಅರ್ಧ. ಗುಂಪಿನಲ್ಲಿ ಓಡುವಾಗ ತಿರುವಿನಲ್ಲಿ ಪಕ್ಕದವನನ್ನು ಹೊರಗಿನಿಂದ ದಾಟಲು ಹೋಗಬೇಡಿ, ನೇರ ಬರುವವರೆಗೆ ಅವನ ಹಿಂದೆಯೇ ಇರಿ.

ಈಗ ಕೆಲಸ. ಮೊದಲು ಗ್ರೌಂಡ್ ಅಳೆಯಿರಿ. ‘ಇದು 200 ಮೀಟರ್’ ಎಂದು ಹಿರಿಯರು ಹೇಳಿದ ಎಷ್ಟೋ ಶಾಲಾ ಮೈದಾನಗಳು 180 ಇರುತ್ತವೆ, ಇಲ್ಲವೇ 215. ಕಟ್ಟಡ ಕೆಲಸದ ಮೇಸ್ತ್ರಿಗಳ ಹತ್ತಿರ 30 ಮೀಟರ್ ಟೇಪ್ ಸಿಗುತ್ತದೆ. ಇಬ್ಬರು ಹಿಡಿದು, ಒಳಗೆರೆಯಿಂದ ಒಂದು ಗೇಣು ಹೊರಗೆ, ನಿಮ್ಮ ಪಾದ ಬೀಳುವ ಜಾಗದಲ್ಲಿ ಅಳೆಯಿರಿ. ಟೇಪ್ ಸಿಗದಿದ್ದರೆ ಸೈಕಲ್ ಸಾಕು. ಗಾಲಿಯ ಒಂದು ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿ, ಗಾಲಿ ಒಂದು ಸುತ್ತಿಗೆ ಎಷ್ಟು ದೂರ ಹೋಗುತ್ತದೆಂದು ಅಳೆದುಕೊಂಡು, ತಳ್ಳುತ್ತ ಸುತ್ತು ಎಣಿಸಿ. ದೊಡ್ಡ ದೊಡ್ಡ ಮ್ಯಾರಥಾನ್‌ಗಳ ದಾರಿಯನ್ನೂ ಇವತ್ತಿಗೂ ಸೈಕಲ್ ಗಾಲಿಗೆ ಎಣಿಕೆಯ ಯಂತ್ರ ಕೂರಿಸಿಯೇ ಅಳೆಯುತ್ತಾರೆ. ದಾರಿ ಎಲ್ಲಿಯೂ ಕಡಿಮೆ ಬೀಳಬಾರದೆಂದು ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚೇ ಸೇರಿಸುತ್ತಾರೆ.

ಅಳೆದ ಗ್ರೌಂಡಿನಲ್ಲಿ ಆ್ಯಪ್ ಬೇಡ. ಫೋನಿನ ಗಡಿಯಾರದಲ್ಲಿರುವ ಸ್ಟಾಪ್‌ವಾಚ್ ತೆರೆದು ರೌಂಡಿಗೊಮ್ಮೆ ‘ಲ್ಯಾಪ್’ ಒತ್ತಲು ಗೆಳೆಯನಿಗೆ ಹೇಳಿ. 200 ಮೀಟರ್‌ಗೆ 48 ಸೆಕೆಂಡಿನಂತೆ ಎಂಟು ರೌಂಡ್ ಓಡಿದರೆ 6 ನಿಮಿಷ 24 ಸೆಕೆಂಡ್. ಬಹಳ ಹುಡುಗರು ಮೊದಲ ರೌಂಡನ್ನು 40ರಲ್ಲಿ ಹಾರಿಸಿ, ಆರನೆಯದಕ್ಕೆ ಏದುಸಿರು ಬಿಡುತ್ತಾರೆ. ಲ್ಯಾಪ್ ಪಟ್ಟಿ ನೋಡಿದರೆ ಎಲ್ಲಿ ಕುಸಿದಿರಿ ಎಂದು ಸೆಕೆಂಡ್ ಸಮೇತ ಗೊತ್ತಾಗುತ್ತದೆ.

ಆ್ಯಪ್‌ನ ಜಾಗ ರಸ್ತೆಯ ಉದ್ದ ಓಟದಲ್ಲಿ. ಎಸ್‌ಎಸ್‌ಸಿ ಜಿ.ಡಿ. ಪರೀಕ್ಷೆಗೂ (ಕೇಂದ್ರ ಪಡೆಗಳ ಕಾನ್‌ಸ್ಟೆಬಲ್ ನೇಮಕ) ಹಾಕುವವರಿದ್ದರೆ ಅಲ್ಲಿ ಪುರುಷರಿಗೆ 24 ನಿಮಿಷದಲ್ಲಿ 5 ಕಿ.ಮೀ., ಅಂದರೆ ಕಿಲೋಮೀಟರಿಗೆ 4 ನಿಮಿಷ 48 ಸೆಕೆಂಡ್. ಸ್ಟ್ರಾವಾ, ನೈಕಿ ರನ್ ಕ್ಲಬ್, ಅಡಿಡಾಸ್ ರನ್ನಿಂಗ್ ಮೂರರಲ್ಲಿ ಯಾವುದಾದರೂ ಆದೀತು. ಮೂರೂ ಕೇಳುವುದು ನಿಮ್ಮ ಫೋನಿನ ಅದೇ ಜಿಪಿಎಸ್ ಚಿಪ್ಪನ್ನು. ಆ್ಯಪ್ ಬದಲಿಸಿ ನಿಖರತೆ ಹುಡುಕುವುದಕ್ಕಿಂತ ಸೆಟ್ಟಿಂಗ್ ಸರಿಮಾಡಿಕೊಳ್ಳುವುದರಲ್ಲಿ ಹೆಚ್ಚು ಲಾಭ. ‘ಆಟೋ ಪಾಝ್’ ಇದ್ದರೆ ಆಫ್ ಮಾಡಿ. ಅದು ನೀವು ಸುಸ್ತಾಗಿ ನಿಂತ ಸಮಯವನ್ನು ಲೆಕ್ಕದಿಂದ ಬಿಟ್ಟು ಪೇಸ್ (ಕಿಲೋಮೀಟರಿಗೆ ಹಿಡಿಯುವ ಸಮಯ) ಚೆಂದ ತೋರಿಸುತ್ತದೆ, ಪರೀಕ್ಷೆಯ ಗಡಿಯಾರ ಹಾಗೆ ಬಿಡುವುದಿಲ್ಲ. ಫೋನಿನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಆ ಆ್ಯಪ್‌ಗೆ ‘ನೋ ರಿಸ್ಟ್ರಿಕ್ಷನ್ಸ್’ ಕೊಡಿ. ಇಲ್ಲದಿದ್ದರೆ ಪರದೆ ಆರಿದ ಮೇಲೆ ಫೋನೇ ಆ್ಯಪನ್ನು ಮಲಗಿಸಿಬಿಡುತ್ತದೆ, ಮಧ್ಯದ ಒಂದು ಕಿಲೋಮೀಟರ್ ನೇರ ಗೆರೆಯಾಗಿ ಬರುತ್ತದೆ. ಓಡುವಾಗ ಕ್ಷಣಕ್ಷಣದ ಪೇಸ್ ನೋಡಬೇಡಿ, ಅದು ಕುಣಿಯುತ್ತಲೇ ಇರುತ್ತದೆ. ಕಿಲೋಮೀಟರಿಗೊಮ್ಮೆ ಹೇಳುವ ಸರಾಸರಿ ಸಾಕು.

ಬಳ್ಳಾರಿ–ಹಿರಿಯೂರು ಹೆದ್ದಾರಿಯಲ್ಲಿ ಮಾತ್ರ ಕತ್ತಲಲ್ಲಿ ಓಡಬೇಡಿ. ಲಾರಿಗಳಿಗೆ ನೀವು ಕಾಣುವುದಿಲ್ಲ.

ಮಗ್ಗದಲ್ಲಿ ಕೂತು ಕೂತು ಮೈ ಭಾರವಾಗಿದೆ. ಶುಗರ್ ಇದೆ, ಡಾಕ್ಟರು ದಿನಾ ನಡೆಯಿರಿ, ಆಗುವುದಾದರೆ ಸ್ವಲ್ಪ ಓಡಿ ಅಂದಿದ್ದಾರೆ. ವಯಸ್ಸು 47. ನನ್ನದು ಸಾದಾ ಫೋನು, ಗುಡ್ಡದ ಕಡೆ ಹೋದರೆ ನೆಟ್ ಬರಲ್ಲ. ನೆಟ್ ಇಲ್ಲದೆ ನಡೆಯುವ ಆ್ಯಪ್ ಇದೆಯೇ?
— ರೇಷ್ಮೆ ಸೀರೆ ನೇಯುವವರು, ಮೊಳಕಾಲ್ಮುರು

ಇದೆ. ಉಪಗ್ರಹದ ಸಂಕೇತ ಹಿಡಿಯಲು ನೆಟ್ ಬೇಕಿಲ್ಲ. ನೆಟ್ ಇದ್ದರೆ ಉಪಗ್ರಹಗಳು ಎಲ್ಲಿವೆ ಎಂಬ ಪಟ್ಟಿ ಫೋನಿಗೆ ಕ್ಷಣದಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಆ ಪಟ್ಟಿಯನ್ನು ಆಕಾಶದಿಂದಲೇ ಇಳಿಸಿಕೊಳ್ಳಬೇಕು. ಒಂದೊಂದು ಉಪಗ್ರಹ ತನ್ನ ವಿವರವನ್ನು 30 ಸೆಕೆಂಡಿಗೊಮ್ಮೆ ನಿಧಾನವಾಗಿ ಕಳಿಸುತ್ತದೆ. ಆದ್ದರಿಂದ ಮನೆಯಿಂದ ಹೊರಬಿದ್ದು ಬಯಲಿನಲ್ಲಿ ಎರಡು ನಿಮಿಷ ನಿಂತು, ಆ್ಯಪ್ ಜಾಗ ಗುರುತಿಸಿದ ಮೇಲೆ ಹೊರಡಿ. ನಿಮ್ಮೂರಿನ ಬಂಡೆಗುಡ್ಡಗಳ ಬುಡದಲ್ಲಿ ಸಂಕೇತ ಕಲ್ಲಿಗೆ ಬಡಿದು ತಿರುಗಿ ಬರುವುದರಿಂದ ಗೆರೆ ಗುಡ್ಡದ ಮೇಲೆ ಹತ್ತಿದಂತೆ ಕಾಣಬಹುದು. ಗಾಬರಿ ಬೇಡ.

ನಿಮಗೆ ನಾನು ಹೇಳುವ ಆ್ಯಪ್ ಓಪನ್‌ಟ್ರ್ಯಾಕ್ಸ್. ದುಡ್ಡಿಲ್ಲ, ಜಾಹೀರಾತಿಲ್ಲ, ಹೆಸರು–ನಂಬರ್ ಕೇಳುವುದಿಲ್ಲ, ಇಂಟರ್ನೆಟ್ ಅನುಮತಿಯನ್ನೇ ಪಡೆಯುವುದಿಲ್ಲ. ಹೋದ ದಾರಿ ನಿಮ್ಮ ಫೋನಿನಲ್ಲೇ ಉಳಿಯುತ್ತದೆ.

ಆದರೆ ನಿಮಗೆ ಪೇಸ್ ಮುಖ್ಯವಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಜೊತೆಗಿದ್ದವರ ಹತ್ತಿರ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಸಾಕು. ಗುಂಡಿ ಮಗ್ಗದಲ್ಲಿ ತಾಸುಗಟ್ಟಲೆ ಕೂತ ಸೊಂಟ ಮತ್ತು ಮಂಡಿಗೆ ಮೊದಲ ಹತ್ತು ನಿಮಿಷ ಬರೀ ನಡಿಗೆ ಇರಲಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಜೇಬಿನಲ್ಲಿ ಸಕ್ಕರೆಯೋ ಗ್ಲೂಕೋಸ್ ಪುಡಿಯೋ ಇರಲೇಬೇಕು. ಕೈ ನಡುಗಿ ಬೆವರು ಬಂದರೆ ತಕ್ಷಣ ಕೂತು ಬಾಯಿಗೆ ಹಾಕಿಕೊಳ್ಳಿ. ಚಪ್ಪಲಿಯಲ್ಲಿ ಬೇಡ, ಕಾಲ್ಚೀಲ ಸಮೇತ ಶೂ ಹಾಕಿ. ಮನೆಗೆ ಬಂದು ಪಾದ ತೊಳೆದು, ಬೆರಳ ಸಂದು ನೋಡಿಕೊಳ್ಳಿ. ಶುಗರ್ ಇದ್ದವರಿಗೆ ಗಾಯ ಆದದ್ದೇ ತಿಳಿಯದೆ ಹೋಗುತ್ತದೆ.

ಮಗಳು ಪೊಲೀಸ್ ಪರೀಕ್ಷೆಗೆಂದು ಬೆಳಗಿನ ಜಾವ ಊರ ಹೊರಗೆ ಓಡುತ್ತಾಳೆ. ಓಡಿದ ದಾರಿ, ಸಮಯ ಎಲ್ಲ ಆ್ಯಪ್‌ನಲ್ಲಿ ಎಲ್ಲರಿಗೂ ಕಾಣುತ್ತದಂತೆ. ನನಗೆ ಭಯ. ಓಡಬೇಡ ಎನ್ನಲು ಮನಸ್ಸಿಲ್ಲ.
— ಒಬ್ಬ ತಾಯಿ, ನಾಯಕನಹಟ್ಟಿ ಹೋಬಳಿ

ಓಡಬೇಡ ಎನ್ನಬೇಡಿ ಅಮ್ಮ. ನಿಮ್ಮ ಭಯಕ್ಕೆ ಕಾರಣವಿದೆ, ಅದಕ್ಕೆ ಉಪಾಯವೂ ಇದೆ. ದಿನಾ ಒಂದೇ ಹೊತ್ತಿಗೆ ಒಂದೇ ದಾರಿ ಎಂಬುದು ಅಪರಿಚಿತರಿಗೆ ಗೊತ್ತಾಗಬಾರದು. ಸ್ಟ್ರಾವಾ ಆದರೆ ಸೆಟ್ಟಿಂಗ್‌ನ ‘ಪ್ರೈವೆಸಿ ಕಂಟ್ರೋಲ್ಸ್’ನಲ್ಲಿ ಓಟ ಯಾರಿಗೆ ಕಾಣಬೇಕು ಎಂಬಲ್ಲಿ ‘ಓನ್ಲಿ ಯೂ’ ಎಂದು ಆರಿಸಲಿ. ದಾರಿಯ ಮೊದಲ ಮತ್ತು ಕೊನೆಯ ಭಾಗ ಅಡಗಿಸುವ ಸೌಲಭ್ಯವೂ ಅಲ್ಲೇ ಇದೆ, ಮನೆ ಎಲ್ಲಿದೆ ಎಂಬುದು ಆಗ ಕಾಣುವುದಿಲ್ಲ. ಪ್ರೊಫೈಲ್‌ನಲ್ಲಿ ಪೂರ್ತಿ ಹೆಸರು, ಫೋಟೊ ಬೇಡ.

ಕಾಣಬೇಕಾದದ್ದು ನಿಮಗೆ. ಹೊರಡುವಾಗ ವಾಟ್ಸ್‌ಆ್ಯಪ್‌ನಲ್ಲಿ ‘ಲೈವ್ ಲೊಕೇಷನ್’ ಒಂದು ಗಂಟೆಗೆ ನಿಮಗೆ ಕಳಿಸಲಿ, ನೆಟ್ ಇರುವವರೆಗೆ ಅವಳು ಎಲ್ಲಿದ್ದಾಳೆಂದು ನಿಮ್ಮ ಫೋನಿನಲ್ಲಿ ಕಾಣುತ್ತದೆ. ಎರಡೂ ಕಿವಿಗೆ ಇಯರ್‌ಫೋನ್ ಬೇಡ. ಊರಿನಲ್ಲಿ ಓಡುವ ಇನ್ನಿಬ್ಬರು ಹುಡುಗಿಯರು ಜೊತೆಯಾದರೆ ಅದಕ್ಕಿಂತ ಒಳ್ಳೆಯ ಆ್ಯಪ್ ಯಾವುದೂ ಇಲ್ಲ.

ಮಹಿಳಾ ಕಾನ್‌ಸ್ಟೆಬಲ್ ಪರೀಕ್ಷೆಯಲ್ಲಿ 400 ಮೀಟರ್‌ಗೆ 2 ನಿಮಿಷ. ಇಷ್ಟು ಚಿಕ್ಕ ಓಟಕ್ಕೆ ಫೋನಿನ ಅಳತೆ ನೆಚ್ಚಲಾಗದು. ಅಳೆದ ಗ್ರೌಂಡೇ ಬೇಕು. ಹುದ್ದೆಯಿಂದ ಹುದ್ದೆಗೆ ನಿಯಮ ಬದಲಾಗುತ್ತದೆ, ಆಯಾ ಅಧಿಸೂಚನೆ ನೋಡಿಕೊಳ್ಳಲಿ.

ಇದೇ ಹೋಬಳಿಯ ಓಟಗಾರರಿಗೆ ಇನ್ನೊಂದು ಮಾತು. ಸ್ಟ್ರಾವಾ ತನ್ನ ಬಳಕೆದಾರರು ಓಡಿದ ದಾರಿಗಳನ್ನೆಲ್ಲ ಬೆಳಗಿಸಿ ಜಗತ್ತಿನ ನಕ್ಷೆಯೊಂದನ್ನು ಪ್ರಕಟಿಸಿತ್ತು. 2018ರ ಜನವರಿಯಲ್ಲಿ ಅದರಲ್ಲಿ ಮರುಭೂಮಿಯ ಸೇನಾ ನೆಲೆಗಳೇ ಹೊಳೆಯುತ್ತಿವೆ ಎಂದು ಆಸ್ಟ್ರೇಲಿಯಾದ ವಿದ್ಯಾರ್ಥಿಯೊಬ್ಬ ತೋರಿಸಿದ. ಸೈನಿಕರು ವ್ಯಾಯಾಮಕ್ಕೆ ಓಡಿದ ಗೆರೆಗಳವು. ಕುದಾಪುರದ ಸುತ್ತ ಡಿಆರ್‌ಡಿಒ, ಇಸ್ರೊ, ಅಣು ಸಂಶೋಧನಾ ಕೇಂದ್ರವಾದ ಬಾರ್ಕ್ ಎಲ್ಲಕ್ಕೂ ಜಾಗವಿದೆ. ಅಲ್ಲಿ ಕೆಲಸ ಮಾಡುವವರು, ಕಾವಲಿಗಿರುವವರು ಆವರಣದೊಳಗಿನ ಓಟವನ್ನು ಯಾವ ಆ್ಯಪ್‌ಗೂ ಏರಿಸಬೇಡಿ.

ನಮ್ಮ ತಾಲ್ಲೂಕಿನಲ್ಲೇ ಇಸ್ರೊ ‘ಪುಷ್ಪಕ್’ ಇಳಿಸಿತು. ನಮ್ಮದೇ ನಾವಿಕ್ ಉಪಗ್ರಹ ಹಿಡಿಯುವ ಫೋನ್ ಕೊಂಡರೆ ಓಟದ ಅಳತೆ ಪಕ್ಕಾ ಬರುತ್ತದೆಯೇ?
— ಪಿಯುಸಿ ವಿದ್ಯಾರ್ಥಿ, ತಳಕು

ಹೆಚ್ಚು ಉಪಗ್ರಹಗಳನ್ನು, ಅದರಲ್ಲೂ ಎರಡು ತರಂಗಾಂತರಗಳಲ್ಲಿ ಕೇಳುವ ಫೋನ್ ಉತ್ತಮ ಅಳತೆ ಕೊಡುತ್ತದೆ. ಪಕ್ಕಾ ಎಂಬ ಮಾತಿಗೆ ಪುಷ್ಪಕ್ ಕಥೆಯನ್ನೇ ಕೇಳಿ. ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೊ ಈ ಮರುಬಳಕೆಯ ಉಡಾವಣಾ ವಾಹನವನ್ನು ಇಳಿಸುವ ಪ್ರಯೋಗವನ್ನು 2023ರ ಏಪ್ರಿಲ್ 2ರಂದು ಮೊದಲ ಸಲ ಮಾಡಿತು, 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಮತ್ತೆರಡು ಸಲ. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟ ವಾಹನ ತಾನೇ ದಾರಿ ಕಂಡುಕೊಂಡು ರನ್‌ವೇಗೆ ಇಳಿಯಿತು. ಅದಕ್ಕೆ ನಾವಿಕ್ ಒಂದನ್ನೇ ನೆಚ್ಚಿಕೊಂಡಿರಲಿಲ್ಲ. ಎತ್ತರ ಅಳೆಯುವ ರೇಡಾರ್ ಇತ್ತು, ಚಲನೆ ಅಳೆಯುವ ಉಪಕರಣಗಳಿದ್ದವು. ಜೊತೆಗೆ ಸ್ಯೂಡೊಲೈಟ್ ವ್ಯವಸ್ಥೆ, ಎಂದರೆ ಉಪಗ್ರಹದಂತೆಯೇ ಸಂಕೇತ ಕಳಿಸುವ, ನೆಲದ ಮೇಲಿನ ಯಂತ್ರಗಳು. ನೆಲದಲ್ಲಿ ಅಳೆದು ನೆಟ್ಟ ಬಿಂದುಗಳು ಇಸ್ರೊಗೂ ಬೇಕಾದವು. ನೀವು ಫೋನಿಗೆ ದುಡ್ಡು ಹಾಕುವ ಮೊದಲು ಮೇಲೆ ಹೇಳಿದ ಟೇಪ್ ತನ್ನಿ.

ವಾಚ್ ಕೊಂಡರೆ ಫೋನ್ ಹೊತ್ತು ಓಡುವುದು ತಪ್ಪುತ್ತದೆಯೇ? ಎರಡು ಸಾವಿರಕ್ಕೆ ಸಿಗುವಂಥವು ಆದಾವೇ?
— ಶೇಂಗಾ ವ್ಯಾಪಾರಿ, ಚಳ್ಳಕೆರೆ

ಆ ಬೆಲೆಯ ಬಹಳಷ್ಟು ವಾಚ್‌ಗಳಲ್ಲಿ ಜಿಪಿಎಸ್ ಇರುವುದಿಲ್ಲ. ಡಬ್ಬಿಯ ಮೇಲೆ ‘ಕನೆಕ್ಟೆಡ್ ಜಿಪಿಎಸ್’ ಎಂದಿದ್ದರೆ ಅದು ಫೋನಿನ ಜಿಪಿಎಸ್ಸನ್ನೇ ಎರವಲು ಪಡೆಯುತ್ತದೆ, ಫೋನ್ ಹೊರಲೇಬೇಕು. ‘ಬಿಲ್ಟ್ ಇನ್ ಜಿಪಿಎಸ್’ ಎಂದಿರುವುದನ್ನು ಕೇಳಿ. ಅಂಗಡಿಯವರು ಇದೆ ಎಂದರೆ, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು ಫೋನ್ ಮನೆಯಲ್ಲಿಟ್ಟು ವಾಚ್ ಒಂದನ್ನೇ ಕಟ್ಟಿಕೊಂಡು ಊರ ಹೊರಗೆ ಒಂದು ಸುತ್ತು ಓಡಿ ಬನ್ನಿ. ಬಂದ ಮೇಲೆ ಫೋನಿಗೆ ಜೋಡಿಸಿದಾಗ ಓಡಿದ ದಾರಿಯ ನಕ್ಷೆ ಮೂಡದಿದ್ದರೆ ವಾಚ್ ಹಿಂದಿರುಗಿಸಿ.