ಕರೆಂಟು ಹೋಗುವ ಊರಲ್ಲಿ ವಿಮ್

ಬೇಲೂರು ತಾಲ್ಲೂಕಿನ ನಮ್ಮ ಗೆಂಡೆಹಳ್ಳಿಯಲ್ಲಿ ಮಳೆ ಹಿಡಿದರೆ ಕರೆಂಟಿಗೆ ಗ್ಯಾರಂಟಿ ಇಲ್ಲ. ನನ್ನ ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಯಾವ ಕಾಲವೋ ಆಗಿತ್ತು, ಕರೆಂಟಿನ ಜೊತೆಗೇ ಅದೂ ಆರುತ್ತಿತ್ತು. ಸಿ ಭಾಷೆ ಕಲಿಯಲು ಕೂತಾಗ ಅದರಲ್ಲಿ ಮುಗ್ಗರಿಸದೆ ಓಡಿದ ಎಡಿಟರ್ ವಿಮ್ ಒಂದೇ. ಇಷ್ಟಪಟ್ಟು ಆರಿಸಿಕೊಂಡದ್ದೇನಲ್ಲ.

ಒಳಗೆ ಹೋದವರು ಹೊರಗೆ ಬರಲಾರರು ಎಂಬುದು ವಿಮ್ ಬಗ್ಗೆ ಹಳೇ ತಮಾಷೆ. ಎಸ್ಕೇಪ್ ಒತ್ತಿ, ಕೋಲನ್, ಡಬ್ಲ್ಯೂ, ಕ್ಯೂ ಹೊಡೆದು ಎಂಟರ್ ಕೊಟ್ಟರೆ ಉಳಿಸಿಕೊಂಡೇ ಹೊರಬರಬಹುದು. ಅಸಲು ತೊಡಕು ಬೇರೆ: ಇಲ್ಲಿ ಒತ್ತಿದ ಕೀ ಅಕ್ಷರವಾಗದೆ ಆಜ್ಞೆಯಾಗುತ್ತದೆ. ಬರೆಯಬೇಕಾದರೆ ಮೊದಲು ಐ ಒತ್ತಬೇಕು. ಕನ್ನಡ ಕೀಲಿಮಣೆ ಆನ್ ಇದ್ದರಂತೂ ಕರ್ಸರ್ ಕೆಳಗಿಳಿಸುವ ಜೆ ಒತ್ತಿದರೆ ಕನ್ನಡ ಅಕ್ಷರ ಹೋಗಿ ಕರ್ಸರ್ ಅಲುಗುವುದೇ ಇಲ್ಲ.

ಕೆಳಗಿಳಿಯಲು ಜೆ, ಮೇಲೇರಲು ಕೆ ಯಾಕೆ? ವಿಮ್‌ನ ಹಿರಿಯಣ್ಣ ವಿಐಯನ್ನು 1976ರ ಸುಮಾರಿಗೆ ಬಿಲ್ ಜಾಯ್ ಬರ್ಕ್‌ಲಿಯಲ್ಲಿ ಬರೆದಾಗ, ಅವರ ಎಡಿಎಂ-3ಎ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಕೀಗಳ ಮೇಲೇ ಅಚ್ಚಾಗಿದ್ದವು. ಇದು ತಿಳಿದ ಮೇಲೆ ಆ ಕೀಗಳ ಮೇಲಿನ ಸಿಟ್ಟು ಇಳಿಯಿತು.

ರುಚಿ ಹತ್ತಿದ್ದು ಸಿ ಭಾಷೆಯಲ್ಲಿ ಪರದೆಗೆ ಮಾತು ಮುದ್ರಿಸುವ ಪ್ರಿಂಟ್‌ಎಫ್ ಸಾಲುಗಳನ್ನು ತಿದ್ದುವಾಗ. ಸಿ, ಐ, ಆಮೇಲೆ ಉದ್ಧರಣ ಚಿಹ್ನೆ ಒತ್ತಿದರೆ ಚಿಹ್ನೆಗಳ ನಡುವಿನದೆಲ್ಲ ಅಳಿದು ಬರೆಯಲು ಜಾಗ ಖಾಲಿ. ಹೊಸ ಮಾತು ಬರೆದು ಎಸ್ಕೇಪ್ ಒತ್ತಿ, ಕೆಳಗಿನ ಸಾಲಿಗೆ ಹೋಗಿ ಬರೀ ಒಂದು ಚುಕ್ಕಿ ಒತ್ತಿದರೆ ಅಲ್ಲೂ ಅದೇ ತಿದ್ದುಪಡಿ. ಸಿ ಅಂದರೆ ಬದಲಿಸು, ಡಿ ಅಂದರೆ ಅಳಿಸು. ಯಾವುದನ್ನು ಎಂಬುದು ಮುಂದಿನ ಕೀ. ಈ ಜೋಡಣೆ ತಲೆಗೆ ಹೋದರೆ ಆಜ್ಞೆಗಳ ಪಟ್ಟಿ ಬಾಯಿಪಾಠ ಮಾಡುವ ಕೆಲಸವೇ ಇಲ್ಲ.

ನಂಬಿಕೆ ಬಂದದ್ದು ಮಾತ್ರ ಒಂದು ಮಳೆಯ ಸಂಜೆ. ಉಳಿಸದೇ ಇದ್ದ ಫೈಲು, ಕರೆಂಟು ಹೋಯಿತು. ಬಂದ ಮೇಲೆ ಅದೇ ಫೈಲು ತೆರೆದರೆ ಸ್ವಾಪ್ ಫೈಲ್ ಇದೆ ಎಂಬ ಎಚ್ಚರಿಕೆ. ಆರ್ ಒತ್ತಿದೆ, ಕೊನೆಯ ಕೆಲವು ಪದ ಬಿಟ್ಟು ಎಲ್ಲ ಬಂತು. 200 ಅಕ್ಷರ ಬರೆದಾಗ, ಇಲ್ಲವೇ ಕೈ 4 ಸೆಕೆಂಡು ನಿಂತಾಗ ವಿಮ್ ತಾನೇ ಪಕ್ಕದ ಈ ಸ್ವಾಪ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ವಾಪಸು ಪಡೆದದ್ದನ್ನು ಉಳಿಸಿ, ಆ ಸ್ವಾಪ್ ಫೈಲನ್ನು ಅಳಿಸಿಬಿಡಬೇಕು, ಇಲ್ಲದಿದ್ದರೆ ಪ್ರತಿಸಲ ಅದೇ ಎಚ್ಚರಿಕೆ.

ವಿಮ್ ಕಲಿತರೆ ಪ್ರೋಗ್ರಾಮಿಂಗ್ ಬಂದುಬಿಡುತ್ತದೆ ಎನ್ನುವವರ ಮಾತು ಕೇಳಬೇಡಿ. ಸಿ ಭಾಷೆಯ ಪಾಯಿಂಟರ್ ನನಗೆ ಆಮೇಲೂ ಅಷ್ಟೇ ಕಾಡಿತು. ಬೇರೆಯವರ ಉದ್ದುದ್ದ ಸೆಟ್ಟಿಂಗ್ ಫೈಲನ್ನು ತಂದು ತುಂಬಿಕೊಳ್ಳುವುದೂ ಮೊದಮೊದಲಿಗೆ ಬೇಡ.

1991ರಲ್ಲಿ ವಿಮ್ ಹೊರತಂದ ಬ್ರಾಮ್ ಮೂಲೆನಾರ್ 2023ರ ಆಗಸ್ಟ್ 3ರಂದು ತೀರಿಕೊಂಡರು. ದುಡ್ಡು ಕೇಳಲಿಲ್ಲ, ಇಷ್ಟವಾದರೆ ಉಗಾಂಡದ ಮಕ್ಕಳಿಗೆ ಕೊಡಿ ಎಂದರು. ವಿಮ್ ಜೊತೆಗೇ ಬರುವ ವಿಮ್‌ಟ್ಯೂಟರ್ ಅರ್ಧ ಗಂಟೆಯ ಪಾಠ, ನೆಟ್ ಬೇಡ. ಕರೆಂಟಿರುವಾಗಲೇ ಒಮ್ಮೆ ಕೂತು ಮುಗಿಸಿ.