ಪ್ರಮಾಣೀಕೃತ ಲಿನಕ್ಸ್‌ಗೆ ಚಂದಾ ಕಟ್ಟಬೇಕೇ?

ನಿಮ್ಮ ಲೆಕ್ಕಪತ್ರ ಎಸ್‌ಎಪಿ ಹಾನಾ ಡೇಟಾಬೇಸ್ ಮೇಲೆ ನಿಂತಿರುವುದರಿಂದ ಮುಖ್ಯ ಸರ್ವರ್‌ಗೆ ಚಂದಾ ಇಲ್ಲದ ರಾಕಿ ಲಿನಕ್ಸ್ ಬೇಡವೆಂದೇ ಹೇಳುತ್ತೇನೆ. ಹಾನಾಕ್ಕೆ ಎಸ್‌ಎಪಿ ಕಂಪನಿ ಮಾನ್ಯ ಮಾಡಿರುವುದು ಸೂಸೆ ಮತ್ತು ರೆಡ್ ಹ್ಯಾಟ್‌ಗಳ ಎಂಟರ್‌ಪ್ರೈಸ್ ಲಿನಕ್ಸ್‌ಗಳನ್ನು, ಅವುಗಳಲ್ಲೂ ನಿಗದಿತ ಆವೃತ್ತಿಗಳನ್ನು. ‘ರಾಕಿಯೂ ರೆಡ್ ಹ್ಯಾಟ್‌ನಂತೆಯೇ ಅಲ್ಲವೇ?’ ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ತಂತ್ರಾಂಶ ಅದರಲ್ಲೂ ಓಡೀತು. ಆದರೆ ಚಂದಾ ಕಟ್ಟಿ ನೀವು ಪಡೆಯುವುದು, ಕೆಟ್ಟಾಗ ಹೊಣೆ ಹೊರುವವರನ್ನು. ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದ 20ನೇ ತಾರೀಖಿನ ಹಿಂದಿನ ರಾತ್ರಿ ಡೇಟಾಬೇಸ್ ಏಳದಿದ್ದರೆ, ಸಹಾಯಕ್ಕೆ ಬರುವವರು ಮೊದಲು ಕೇಳುವುದೇ ಯಾವ ಲಿನಕ್ಸ್, ಯಾವ ಕರ್ನಲ್ ಎಂದು. ಅದು ಮಾನ್ಯ ಆವೃತ್ತಿಗಳ ಪಟ್ಟಿಯಲ್ಲಿಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲಬಹುದು.

ಹಾಗೆಂದು ಎಲ್ಲ ಯಂತ್ರಗಳಿಗೂ ಚಂದಾ ಕಟ್ಟುವುದು ದುಂದು. ಫೈಲ್ ಸರ್ವರ್‌ಗೆ ರಾಕಿ ಧಾರಾಳ ಸಾಕು. ಪ್ರಮಾಣೀಕರಣವಿದೆಯೆಂದು ಬ್ಯಾಕಪ್ ಮರೆಯಬೇಡಿ: ಅದರಿಂದ ಖಾತೆಗಳು ಮರಳಿ ತೆರೆಯುತ್ತವೆಯೇ ಎಂದು ತಿಂಗಳಿಗೊಮ್ಮೆ ಪರೀಕ್ಷಿಸಿ. ಮಾನ್ಯ ಆವೃತ್ತಿಗಳ ಪಟ್ಟಿ ನೋಡದೆ ಕರ್ನಲ್ ಅಪ್‌ಡೇಟ್ ಮಾಡಬೇಡಿ.